ಹೊಟ್ಟೆ ಬೊಜ್ಜಿನ ಅಪಾಯ ತಿಳಿಯಲು ಯಾವ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕು?

ಶಿವಮೊಗ್ಗದ ಲ್ಯಾಬುಗಳ ಕೌಂಟರಿನಲ್ಲಿ ಈಗ ಪ್ಯಾಕೇಜುಗಳ ದರಪಟ್ಟಿ ತೂಗುಹಾಕಿರುತ್ತಾರೆ. ಬರೀ ಟೋಟಲ್ ಕೊಲೆಸ್ಟ್ರಾಲ್‌ಗೆ ಒಂದು ದರ, ರಕ್ತದ ಕೊಬ್ಬುಗಳನ್ನೆಲ್ಲ ಒಟ್ಟಿಗೆ ನೋಡುವ ಲಿಪಿಡ್ ಪ್ರೊಫೈಲ್‌ಗೆ ಇನ್ನೊಂದು, ಅಪೊ-ಬಿ ಮತ್ತು ಲಿಪೊಪ್ರೊಟೀನ್-ಎ ಸೇರಿಸಿದ 'ಹಾರ್ಟ್ ಪ್ಯಾಕೇಜ್'ಗೆ ಮತ್ತೊಂದು. ಸೊಂಟದ ಸುತ್ತ ಬೊಜ್ಜು ಸೇರಿದೆ, ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಶುಗರ್ ಇದೆ, ಡಾಕ್ಟರು "ಒಂದ್ಸಲ ಕೊಲೆಸ್ಟ್ರಾಲ್ ನೋಡಿಸ್ಕೊಂಡು ಬನ್ನಿ" ಎಂದಿದ್ದಾರೆ. ಇಂಥವರು ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬಹುದು ಎಂಬುದು ಇಲ್ಲಿನ ವಿಚಾರ. ಈಗಾಗಲೇ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಈ ಗೊಂದಲದಲ್ಲಿ ಬೀಳಬೇಕಿಲ್ಲ. ಅವರ ಪರೀಕ್ಷೆಗಳನ್ನು ಹೃದ್ರೋಗ ತಜ್ಞರೇ ನಿರ್ಧರಿಸುತ್ತಾರೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಆ ಸಂಖ್ಯೆ ಹೊಟ್ಟೆಯ ಬೊಜ್ಜಿನ ಕೆಲಸವನ್ನು ತೋರಿಸುತ್ತದೆಯೇ ಎಂಬುದು. ಎರಡನೆಯದು, ರಕ್ತನಾಳದ ಗೋಡೆಗೆ ನುಗ್ಗುವ ಕಣಗಳ ಅಂದಾಜು ಕೊಡುತ್ತದೆಯೇ ಎಂಬುದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದರದ್ದೆಂದು ಓದಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮೂರನೆಯದು, ತೂಕ ಇಳಿಸಿದಾಗ ಆ ಸಂಖ್ಯೆ ಬದಲಾಗುತ್ತದೆಯೇ. ಬದಲಾಗದ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ನೋಡಿಸಿ ಪ್ರಯೋಜನವಿಲ್ಲ. ನಾಲ್ಕನೆಯದು ಖಾಲಿ ಹೊಟ್ಟೆ, ಬಸ್ಸು, ದುಡ್ಡಿನ ಲೆಕ್ಕ. ಹೊಸನಗರದ ಒಳಗಿನ ಊರಿನಿಂದ ಬರುವವರಿಗೆ ಇದೇನೂ ಸಣ್ಣ ಮಾತಲ್ಲ. ಕೊನೆಯದಾಗಿ, ಉತ್ತರ ಹೀಗೆ ಬಂದರೆ ನೀವು ಮಾಡುವುದೊಂದು, ಹಾಗೆ ಬಂದರೆ ಮಾಡುವುದು ಇನ್ನೊಂದು ಎನ್ನುವಂತಿದ್ದರೆ ಮಾತ್ರ ಪರೀಕ್ಷೆಗೆ ಅರ್ಥ.

ಬೊಜ್ಜು ರಕ್ತದಲ್ಲಿ ಮಾಡುವ ಕೆಲಸ

ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಸೇರುವ ಕೊಬ್ಬು ಹೆಚ್ಚು ತೊಂದರೆಯದು. ಅದರಿಂದ ಕೊಬ್ಬಿನಾಮ್ಲ ನೇರವಾಗಿ ಲಿವರಿಗೆ ಹೋಗುತ್ತಿರುತ್ತದೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾಡಿ, ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರುವುದು ಹೀಗೆ. ರಕ್ತದಲ್ಲಿ ಈ ಕಣಗಳು ಮಿಕ್ಕ ಕಣಗಳ ಜೊತೆ ಸರಕು ಬದಲಾಯಿಸಿಕೊಳ್ಳುತ್ತವೆ. 'ಒಳ್ಳೆಯ' ಕೊಲೆಸ್ಟ್ರಾಲ್ ಹೊರುವ ಎಚ್‌ಡಿಎಲ್ ಕಣ ಟ್ರೈಗ್ಲಿಸರೈಡ್ ತುಂಬಿಕೊಂಡರೆ ಬೇಗ ಒಡೆದು ದೇಹದಿಂದ ಹೊರಹೋಗುತ್ತದೆ, ಹಾಗಾಗಿ ಎಚ್‌ಡಿಎಲ್ ಇಳಿಯುತ್ತದೆ. 'ಕೆಟ್ಟ' ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣಗಳು ಕೊಲೆಸ್ಟ್ರಾಲ್ ಕಳೆದುಕೊಂಡು ಸಣ್ಣವೂ ಗಟ್ಟಿಯವೂ ಆಗುತ್ತವೆ.

ಮೋಸ ಆಗುವುದು ಈ ಕೊನೆಯ ಹಂತದಲ್ಲಿ. ವರದಿಯಲ್ಲಿ 'ಎಲ್‌ಡಿಎಲ್' ಎಂದು ಬರುವುದು ಆ ಕಣಗಳ ಒಳಗಿರುವ ಕೊಲೆಸ್ಟ್ರಾಲಿನ ತೂಕ, ಕಣಗಳ ಸಂಖ್ಯೆಯಲ್ಲ. ಶಿವಮೊಗ್ಗ ಮಂಡಿಯಲ್ಲಿ ಒಟ್ಟು ಅಡಿಕೆ ಎಷ್ಟು ಕ್ವಿಂಟಾಲ್ ಎಂದು ಹೇಳಿದರೆ ಮೂಟೆ ಎಷ್ಟು ಎಂದು ಗೊತ್ತಾಗುವುದಿಲ್ಲ. ಸಣ್ಣ ಮೂಟೆಗಳಾದರೆ ಅದೇ ತೂಕಕ್ಕೆ ಮೂಟೆಗಳು ಜಾಸ್ತಿ. ರಕ್ತನಾಳದ ಗೋಡೆಗೆ ಕಷ್ಟ ಕೊಡುವುದು ಮೂಟೆಗಳ ಸಂಖ್ಯೆ. ಹೊಟ್ಟೆ ಬಂದವರಲ್ಲಿ ಎಲ್‌ಡಿಎಲ್ ತೂಕ ನಾರ್ಮಲ್ ಇದ್ದೂ ಕಣಗಳು ಹೆಚ್ಚಿರುವುದು ಸಾಮಾನ್ಯ.

ದುಡ್ಡಿಲ್ಲದ ಆಯ್ಕೆ: ಟೇಪು

ರಕ್ತ ಕೊಡುವ ಮುಂಚೆ ಸೊಂಟ ಅಳೆಯಿರಿ. ದರ್ಜಿ ಟೇಪು ಸಾಕು, ಆದರೆ ಎಳೆದು ಎಳೆದು ಸಡಿಲವಾದ ಹಳೇ ಟೇಪು ಬೇಡ. ಪಕ್ಕೆಲುಬಿನ ಕೊನೆಯ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವಿನ ಜಾಗದಲ್ಲಿ, ಬರಿ ಮೈಮೇಲೆ, ನೆಲಕ್ಕೆ ಸಮನಾಗಿ ಟೇಪು ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ಏಕೆಂದರೆ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹೆಂಗಸರು ಲಂಗದ ದಾರ ಕಟ್ಟುವ ಜಾಗದಲ್ಲಿ ಅಳೆದರೂ ತಪ್ಪೇ.

ನಮ್ಮ ಜನರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ಹೊಟ್ಟೆ ಬೊಜ್ಜು ಎಂದೇ ಲೆಕ್ಕ. ಇನ್ನೊಂದು ಸುಲಭದ ಅಳತೆ ಎಂದರೆ ಸೊಂಟ ಎತ್ತರದ ಅರ್ಧ ಮೀರಬಾರದು. 164 ಸೆಂ.ಮೀ. ಎತ್ತರದವರಿಗೆ 82 ಗಡಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ ನಮಗೆ 23ಕ್ಕೇ ಎಚ್ಚರಿಕೆ, 25ಕ್ಕೆ ಬೊಜ್ಜು. ಪಾಶ್ಚಾತ್ಯರ 25 ಮತ್ತು 30 ನಮಗೆ ಹೊಂದುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಮೈಕಟ್ಟು ನಮ್ಮ ಕಡೆ ಬಹಳ, ಅಂಥವರ ಬಿಎಂಐ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ.

ಟೇಪಿನ ಮಿತಿ ಎಂದರೆ ಅದು ಅಪಾಯ ಇರಬಹುದು ಎನ್ನುತ್ತದೆ, ಎಷ್ಟು ಎನ್ನುವುದಿಲ್ಲ. ಅದರಲ್ಲಿ ಗಡಿ ದಾಟಿದವರಿಗೆ ಮುಂದಿನ ಮಾತು.

ಬರೀ ಟೋಟಲ್ ಕೊಲೆಸ್ಟ್ರಾಲ್

ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ ಪಟ್ಟಿಯ ಮೇಲೆ ಹನಿ ಹಾಕಿ ಹೇಳುವುದು ಹೆಚ್ಚಾಗಿ ಇದನ್ನೇ. 200ರ ಕೆಳಗಿದ್ದರೆ "ಏನೂ ತೊಂದರೆ ಇಲ್ಲ" ಎಂದು ಕಳಿಸುತ್ತಾರೆ. ಹೊಟ್ಟೆ ಬೊಜ್ಜಿನ ಪ್ರಶ್ನೆಗೆ ಇದರಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಒಳ್ಳೆಯ ಎಚ್‌ಡಿಎಲ್ಲೂ ಕೆಟ್ಟ ಎಲ್‌ಡಿಎಲ್ಲೂ ಒಂದೇ ಮೊತ್ತದಲ್ಲಿ ಸೇರಿಹೋಗುತ್ತವೆ. ಬೊಜ್ಜು ಎಚ್‌ಡಿಎಲ್ ಇಳಿಸುತ್ತದೆ, ವಿಎಲ್‌ಡಿಎಲ್ ಏರಿಸುತ್ತದೆ. ಒಂದು ಇಳಿದು ಒಂದು ಏರಿದಾಗ ಮೊತ್ತ ಇದ್ದಲ್ಲೇ ಇರಬಹುದು.

ಭಾರತದ ಅಂಕಿಗಳೂ ಇದನ್ನೇ ಹೇಳುತ್ತವೆ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದಲ್ಲಿ ಟೋಟಲ್ ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5, ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3. ಬರೀ ಟೋಟಲ್ ನೋಡಿದ್ದರೆ ಇವರಲ್ಲಿ ಬಹುಪಾಲು ಜನ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ಶಿಬಿರದಲ್ಲಿ ಪುಕ್ಕಟೆ ಸಿಕ್ಕರೆ ನೋಡಿಸಿ, 240 ದಾಟಿದ್ದರೆ ಕೂಡಲೇ ಪೂರ್ತಿ ಪ್ರೊಫೈಲ್ ಮಾಡಿಸಿ. ಆದರೆ 180 ಬಂತು ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಅದಕ್ಕಾಗಿ ದುಡ್ಡನ್ನೂ ಕೊಡಬೇಡಿ.

ಲಿಪಿಡ್ ಪ್ರೊಫೈಲ್: ಒಂದೇ ವರದಿ, ಮೂರು ಓದು

ಹೆಚ್ಚಿನವರಿಗೆ ಸಾಕಾಗುವುದು ಇದೇ. ಕೆಲವು ನೂರು ರೂಪಾಯಿಯ ಪರೀಕ್ಷೆ, ತಾಲ್ಲೂಕು ಕೇಂದ್ರಗಳಲ್ಲೂ ಆಗುತ್ತದೆ. ತೊಂದರೆ ಇರುವುದು ಪರೀಕ್ಷೆಯಲ್ಲಲ್ಲ, ಓದುವುದರಲ್ಲಿ. ನಕ್ಷತ್ರ ಚಿಹ್ನೆ ಬಿದ್ದ ಸಾಲನ್ನಷ್ಟೇ ನೋಡಿ ಮಡಚಿಟ್ಟರೆ ಅರ್ಧ ದುಡ್ಡು ನೀರಿಗೆ ಹಾಕಿದಂತೆ.

ಉದಾಹರಣೆಗೆ ಎರಡು ಮಾದರಿ ವರದಿ ಇಟ್ಟುಕೊಳ್ಳೋಣ. ಎಲ್ಲ ಸಂಖ್ಯೆಯೂ ಮಿ.ಗ್ರಾಂ/ಡಿ.ಎಲ್. ಅಳತೆಯಲ್ಲಿವೆ.

ಮೊದಲನೆಯವರು 46ರ ಗಂಡಸು, ಸೊಂಟ 98 ಸೆಂ.ಮೀ. ಟೋಟಲ್ 188, ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 34, ಎಲ್‌ಡಿಎಲ್ 106.
ಎರಡನೆಯವರು 50ರ ಹೆಂಗಸು, ಸೊಂಟ 74 ಸೆಂ.ಮೀ. ಟೋಟಲ್ 236, ಟ್ರೈಗ್ಲಿಸರೈಡ್ 90, ಎಚ್‌ಡಿಎಲ್ 62, ಎಲ್‌ಡಿಎಲ್ 156.

ಮೊದಲ ಓದು ಎಲ್‌ಡಿಎಲ್. ಅದೊಂದನ್ನೇ ಹಿಡಿದರೆ ಗಂಡಸು ಹೆಚ್ಚುಕಡಿಮೆ ಪಾಸು. ಆದರೆ ಆ 106 ಎಲ್ಲಿಂದ ಬಂತು ನೋಡಿ. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, 1972ರಿಂದ ಬಳಕೆಯಲ್ಲಿರುವ ಫ್ರೀಡೆವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ: ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. 188ರಲ್ಲಿ 34 ಮತ್ತು 48 ಹೋದರೆ 106. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಸೂತ್ರ ಎಲ್‌ಡಿಎಲ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 400 ದಾಟಿದ ಮೇಲೆ ಬಳಸಲೇಬಾರದು, ಆಗ 'ಡೈರೆಕ್ಟ್ ಎಲ್‌ಡಿಎಲ್' ಕೇಳಬೇಕು. ಅಂದರೆ ಹೊಟ್ಟೆ ಬೊಜ್ಜಿನವರಿಗೇ ಇದು ಕೈಕೊಡುತ್ತದೆ. ವರದಿಯ ವಿಎಲ್‌ಡಿಎಲ್ ಸಾಲು ಕೂಡ ಸಾಮಾನ್ಯವಾಗಿ ಆ ಐದನೇ ಒಂದು ಭಾಗವೇ. ಅದಕ್ಕೆ ಪ್ರತ್ಯೇಕ ತಲೆಬಿಸಿ ಬೇಡ.

ಎರಡನೇ ಓದು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಜೋಡಿ. ಬೊಜ್ಜಿನ ನಿಜವಾದ ಗುರುತು ಇಲ್ಲಿದೆ. ಟ್ರೈಗ್ಲಿಸರೈಡ್ 150 ಮುಟ್ಟಿದರೆ, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಾದರೆ ಮೆಟಬಾಲಿಕ್ ಸಿಂಡ್ರೋಮಿನ (ಶುಗರ್, ಹೃದ್ರೋಗದ ಕಡೆ ಒಯ್ಯುವ ಐದು ಅಂಶಗಳ ಗುಂಪು) ಎರಡು ಅಂಶ ಸಿಕ್ಕಂತೆ. ಉಳಿದ ಮೂರು: ಸೊಂಟದ ಸುತ್ತಳತೆ, ಬಿಪಿ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ಐದರಲ್ಲಿ ಮೂರು ಇದ್ದರೆ ಆ ಹೆಸರು ಅಂಟುತ್ತದೆ. ನಮ್ಮ ಮಾದರಿ ಗಂಡಸಿಗೆ ಬಿಪಿ, ಶುಗರ್ ನೋಡುವ ಮೊದಲೇ ಮೂರು ಆಗಿಹೋಗಿದೆ.

ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ಬರುವ ಅನುಪಾತವನ್ನೂ ಜನ ನೋಡುತ್ತಾರೆ. ಸುಮಾರು 3 ದಾಟಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಬರಬೇಕು. ಗಂಡಸಿಗೆ 240 ಭಾಗಿಸು 34, ಏಳರ ಹತ್ತಿರ. ಹೆಂಗಸಿಗೆ ಒಂದೂವರೆಗೂ ಕಡಿಮೆ. ಈ 3 ಗಟ್ಟಿ ಗೆರೆಯಲ್ಲ, ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ, ಇದನ್ನು ನೋಡಿ ಯಾರೂ ಮಾತ್ರೆ ಬರೆಯುವುದಿಲ್ಲ. ಗಲ್ಫಿನಲ್ಲಿರುವ ಮಗನೋ ಅಳಿಯನೋ ಕಳಿಸಿದ ವರದಿಯಾದರೆ ಇನ್ನೊಂದು ಎಚ್ಚರಿಕೆ: ಅಲ್ಲಿ ಮಿಲಿಮೋಲ್ ಅಳತೆ ಇರಬಹುದು. ಆಗ ಕೊಲೆಸ್ಟ್ರಾಲನ್ನು 38.67ರಿಂದ, ಟ್ರೈಗ್ಲಿಸರೈಡನ್ನು 88.57ರಿಂದ ಗುಣಿಸಿ ನಮ್ಮ ಅಳತೆಗೆ ತಂದುಕೊಂಡೇ ಭಾಗಾಕಾರ ಮಾಡಬೇಕು.

ಮೂರನೇ ಓದು ನಾನ್-ಎಚ್‌ಡಿಎಲ್. ಟೋಟಲ್‌ನಿಂದ ಎಚ್‌ಡಿಎಲ್ ಕಳೆದರೆ ಮುಗಿಯಿತು. ಗಂಡಸಿಗೆ 154, ಹೆಂಗಸಿಗೆ 174. ರಕ್ತನಾಳಕ್ಕೆ ಕೆಡುಕು ಮಾಡುವ ಎಲ್ಲ ಕಣಗಳ ಕೊಲೆಸ್ಟ್ರಾಲೂ, ಅಂದರೆ ಎಲ್‌ಡಿಎಲ್, ವಿಎಲ್‌ಡಿಎಲ್, ಅವುಗಳ ಅಳಿದುಳಿದ ತುಣುಕುಗಳದ್ದೂ, ಇದರಲ್ಲಿ ಬಂತು. ಸೂತ್ರದ ಕಾಟವಿಲ್ಲ, ಟ್ರೈಗ್ಲಿಸರೈಡ್ ಎಷ್ಟಿದ್ದರೂ ಕೆಡುವುದಿಲ್ಲ, ತಿಂಡಿ ತಿಂದು ರಕ್ತ ಕೊಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಕೆಲವು ಲ್ಯಾಬುಗಳು ಇದನ್ನು ಮುದ್ರಿಸುವುದೇ ಇಲ್ಲ. ವರದಿಯ ಹಿಂದೆ ಪೆನ್ನಿನಲ್ಲಿ ಕಳೆದುಕೊಳ್ಳಿ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆ ಇರುವವರಿಗೂ ಇದು 130ರ ಕೆಳಗಿರಬೇಕು, ಹೆಚ್ಚು ಅಪಾಯದವರಿಗೆ 100ರ ಕೆಳಗೆ, ಹೃದಯಾಘಾತ ಆದವರಂಥ ಅತಿ ಹೆಚ್ಚು ಅಪಾಯದವರಿಗೆ 85ರ ಕೆಳಗೆ. ಒಂದೇ ಸಂಖ್ಯೆ ನೆನಪಿಡಿ ಎಂದರೆ ನಮ್ಮ ಆಯ್ಕೆ ಇದೇ.

ಈಗ ಇಬ್ಬರನ್ನೂ ಪಕ್ಕಪಕ್ಕ ಇಡಿ. ಗಂಡಸಿಗೆ ಟೋಟಲ್, ಎಲ್‌ಡಿಎಲ್ ಎರಡೂ ಸುಮ್ಮನಿದ್ದರೂ ಬೊಜ್ಜಿನ ಗುರುತು ಜೋರಾಗಿದೆ, ನಾನ್-ಎಚ್‌ಡಿಎಲ್ಲೂ ಗಡಿ ದಾಟಿದೆ. ಹೆಂಗಸಿಗೆ ಬೊಜ್ಜಿನ ಗುರುತೇ ಇಲ್ಲ. "ನಂಗೆ ಹೊಟ್ಟೆ ಇಲ್ಲ, ಎಚ್‌ಡಿಎಲ್ ಚೆನ್ನಾಗಿದೆ, ಅನುಪಾತ ಒಂದೂವರೆ" ಎಂದು ಅವರು ಸುಮ್ಮನಾದರೆ ತಪ್ಪು. ಎಲ್‌ಡಿಎಲ್ 156 ತನ್ನ ಪಾಡಿಗೆ ತಾನು ಅಪಾಯವೇ. ಅವರು ಥೈರಾಯ್ಡಿನ ಟಿಎಸ್‌ಎಚ್ ನೋಡಿಸಬೇಕು, ಏಕೆಂದರೆ ಥೈರಾಯ್ಡ್ ಕುಗ್ಗಿದರೆ ಎಲ್‌ಡಿಎಲ್ ಏರುತ್ತದೆ. ಎಲ್‌ಡಿಎಲ್ 190 ಮುಟ್ಟಿದರೆ ವಂಶದಿಂದ ಬಂದ ತೊಂದರೆ ಇರಬಹುದು, ಆಗ ಬೊಜ್ಜಿನ ಚರ್ಚೆ ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಎಚ್‌ಡಿಎಲ್ ಬಗ್ಗೆ ಒಂದು ಮಾತು. ಕಡಿಮೆ ಎಚ್‌ಡಿಎಲ್ ಬೊಜ್ಜಿನ ಒಳ್ಳೆಯ ಸೂಚಕ. ಆದರೆ ಔಷಧಿ ಕೊಟ್ಟು ಅದೊಂದನ್ನೇ ಏರಿಸಲು ನಡೆದ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ಹಾಗಾಗಿ 'ಎಚ್‌ಡಿಎಲ್ ಹೆಚ್ಚಿಸುವ' ಪುಡಿ, ಕಷಾಯ, ಕ್ಯಾಪ್ಸೂಲುಗಳಿಗೆ ದುಡ್ಡು ಸುರಿಯಬೇಡಿ.

ಅಪೊ-ಬಿ ಯಾರಿಗೆ

ಕೆಡುಕಿನ ಪ್ರತಿಯೊಂದು ಕಣದ ಮೇಲೂ ಅಪೊ-ಬಿ ಪ್ರೊಟೀನಿನ ಒಂದೇ ಒಂದು ಅಣು ಇರುತ್ತದೆ. ಆದ್ದರಿಂದ ಅಪೊ-ಬಿ ಅಳೆದರೆ ಮೂಟೆಗಳನ್ನೇ ಎಣಿಸಿದಂತೆ. ಖಾಲಿ ಹೊಟ್ಟೆ ಬೇಕಿಲ್ಲ. ತರ್ಕದ ಮಟ್ಟಿಗೆ ಇದೇ ಅತ್ಯುತ್ತಮ ಸಂಖ್ಯೆ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಮಾಡಿಸಬಾರದು? ಸಣ್ಣ ಊರಿನ ಕಲೆಕ್ಷನ್ ಸೆಂಟರುಗಳು ಇದನ್ನು ಸಾಮಾನ್ಯವಾಗಿ ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತವೆ, ವರದಿ ತಡವಾಗುತ್ತದೆ, ಲಿಪಿಡ್ ಪ್ರೊಫೈಲಿನ ಮೇಲೆ ಇದೊಂದು ಪ್ರತ್ಯೇಕ ಖರ್ಚು. ಅದಕ್ಕಿಂತ ಮುಖ್ಯವಾಗಿ, ನಾನ್-ಎಚ್‌ಡಿಎಲ್ 190 ಇದ್ದವರಿಗೆ ಅಪೊ-ಬಿ ಹೊಸದೇನೂ ಹೇಳುವುದಿಲ್ಲ. ಚಿಕಿತ್ಸೆ ಹೇಗೂ ಬೇಕು. ನಾನ್-ಎಚ್‌ಡಿಎಲ್ 95, ಟ್ರೈಗ್ಲಿಸರೈಡ್ 90 ಇದ್ದವರಿಗೂ ಅಷ್ಟೇ.

ದುಡ್ಡಿಗೆ ಬೆಲೆ ಬರುವುದು ನಡುವಿನವರಿಗೆ: ಟ್ರೈಗ್ಲಿಸರೈಡ್ 200ರ ಆಚೆ, ಸೊಂಟ ಗಡಿಯ ಆಚೆ ಅಥವಾ ಶುಗರ್ ಇದೆ, ಆದರೆ ಎಲ್‌ಡಿಎಲ್ ನೂರರ ಆಸುಪಾಸು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂದು ಡಾಕ್ಟರಿಗೂ ನಿಮಗೂ ತೀರ್ಮಾನ ಆಗುತ್ತಿಲ್ಲ. ನಮ್ಮ ಮಾದರಿ ಗಂಡಸು ಸರಿಯಾಗಿ ಇಲ್ಲಿ ನಿಂತಿದ್ದಾರೆ. 2019ರ ಯುರೋಪಿನ ಮಾರ್ಗಸೂಚಿಯಲ್ಲಿ ಮಧ್ಯಮ ಅಪಾಯದವರಿಗೆ ಅಪೊ-ಬಿ 100ರ ಕೆಳಗೆ, ಹೆಚ್ಚು ಅಪಾಯದವರಿಗೆ 80ರ ಕೆಳಗೆ, ಅತಿ ಹೆಚ್ಚಿನವರಿಗೆ 65ರ ಕೆಳಗೆ ಎಂದು ಗುರಿಯಿದೆ. ನಮ್ಮ ಮಾದರಿ ಗಂಡಸಿನದು 85 ಬಂದರೆ ಮೂರು ತಿಂಗಳು ಊಟ, ನಡಿಗೆ ಸರಿಮಾಡಿ ನೋಡೋಣ ಎನ್ನಬಹುದು. 130 ಬಂದರೆ ಮಾತ್ರೆಯ ಮಾತು ಮುಂದೂಡಲು ಕಾರಣ ಉಳಿಯುವುದಿಲ್ಲ.

ಪ್ಯಾಕೇಜಿನಲ್ಲಿ ಅಪೊ-ಎ1 (ಎಚ್‌ಡಿಎಲ್ ಕಣದ ಪ್ರೊಟೀನು), ಅಪೊ-ಬಿ ಅನುಪಾತ ಎಂದು ಇನ್ನೊಂದು ಸಾಲು ಇರುತ್ತದೆ. ಅಪೊ-ಬಿ ಗೊತ್ತಿದ್ದ ಮೇಲೆ ಅದರಿಂದ ತೀರ್ಮಾನ ಬದಲಾಗುವುದು ಕಡಿಮೆ. ಅಪೊ-ಬಿ ಒಂದೇ ಬಿಡಿಯಾಗಿ ಮಾಡಿಕೊಡುತ್ತೀರಾ ಎಂದು ಕೇಳಿ.

ಲಿಪೊಪ್ರೊಟೀನ್-ಎ

ಇದು ಬೊಜ್ಜಿನ ಪರೀಕ್ಷೆಯೇ ಅಲ್ಲ. ಹೆಚ್ಚುಪಾಲು ಹುಟ್ಟಿನಿಂದ ಬಂದದ್ದು, ಅನ್ನ ಬಿಟ್ಟರೂ ಬೆಟ್ಟ ಹತ್ತಿದರೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಕು. 2024ರ ಭಾರತೀಯ ಮಾರ್ಗಸೂಚಿಯೂ ಒಮ್ಮೆ ಮಾಡಿಸಿ ಎನ್ನುತ್ತದೆ. 50 ಮಿ.ಗ್ರಾಂ/ಡಿ.ಎಲ್. ಮೀರಿದರೆ ಉಳಿದ ಅಪಾಯಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂದರ್ಥ. ಅಪ್ಪ, ಅಣ್ಣ, ತಮ್ಮ ಯಾರಿಗಾದರೂ 55ರೊಳಗೆ, ಅಮ್ಮ, ಅಕ್ಕ, ತಂಗಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಇದಕ್ಕೆ ಮೊದಲ ಆದ್ಯತೆ. ಇಲ್ಲದಿದ್ದರೆ ಕೈಯಲ್ಲಿ ದುಡ್ಡಿದ್ದಾಗ ಆಗಲಿ. ವರ್ಷವರ್ಷ ಇದನ್ನು ಸೇರಿಸುವ ಪ್ಯಾಕೇಜನ್ನು ನಿರಾಕರಿಸಿ.

ಖಾಲಿ ಹೊಟ್ಟೆಯೋ, ತಿಂದ ಮೇಲೋ

ಮೊದಲೆಲ್ಲ 12 ಗಂಟೆ ಉಪವಾಸ ಕಡ್ಡಾಯ ಎನ್ನುತ್ತಿದ್ದರು. ಈಗ ಸಾಮಾನ್ಯ ತಪಾಸಣೆಗೆ ತಿಂದೂ ಕೊಡಬಹುದು ಎಂದು 2016ರ ಯುರೋಪಿನ ತಜ್ಞರ ಒಮ್ಮತವೂ 2024ರ ಭಾರತೀಯ ಮಾರ್ಗಸೂಚಿಯೂ ಹೇಳುತ್ತವೆ. ಸಾಧಾರಣ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 25 ಮಿ.ಗ್ರಾಂ/ಡಿ.ಎಲ್.ನಷ್ಟು ಏರಬಹುದು, ಟೋಟಲ್ ಮತ್ತು ಎಚ್‌ಡಿಎಲ್ ಅಷ್ಟೇನೂ ಅಲುಗುವುದಿಲ್ಲ. ತಿಂದು ಕೊಟ್ಟಾಗ ಟ್ರೈಗ್ಲಿಸರೈಡಿನ ಗಡಿಯನ್ನು 150ರ ಬದಲು 175 ಎಂದು ಹಿಡಿಯುತ್ತಾರೆ.

ನಮ್ಮ ಸಲಹೆ ಊರು ನೋಡಿ ಬದಲಾಗುತ್ತದೆ. ಶಿವಮೊಗ್ಗ, ಭದ್ರಾವತಿ, ಸಾಗರ ಪೇಟೆಯಲ್ಲೇ ಇರುವವರು 10–12 ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗುವುದೇ ಒಳ್ಳೆಯದು, ಶುಗರೂ ಅದೇ ಸೂಜಿಯಲ್ಲಿ ಆಗುತ್ತದೆ. ನೀರು ಕುಡಿಯಬಹುದು, ಕಾಫಿ ಬೇಡ. ಆಗುಂಬೆ, ನಿಟ್ಟೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಶುಗರ್ ಮಾತ್ರೆ ಅಥವಾ ಇನ್ಸುಲಿನ್‌ನವರು ಮಾತ್ರ ಉಪವಾಸದ ಹಠ ಹಿಡಿಯಬಾರದು. ಮಾತ್ರೆ ನುಂಗಿ, ತಿಂಡಿ ಬಿಟ್ಟು, ದಾರಿಯ ತಿರುವುಗಳಲ್ಲಿ ಶುಗರ್ ಇಳಿದು ಬೆವರಿ ಕುಸಿಯುವುದು ಕೊಲೆಸ್ಟ್ರಾಲಿಗಿಂತ ತುರ್ತಿನ ಅಪಾಯ. ಅಂಥವರು ತಿಂದೇ ಕೊಡಲಿ; ಟ್ರೈಗ್ಲಿಸರೈಡ್ 400 ದಾಟಿ ಬಂದರೆ ಮಾತ್ರ ಹತ್ತಿರದ ಕೇಂದ್ರದಲ್ಲಿ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಿಸಲಿ.

ಸಂಖ್ಯೆ ಎಲ್ಲಿ ಕೆಡುತ್ತದೆ

ಟ್ರೈಗ್ಲಿಸರೈಡ್ ಬಹಳ ಚಂಚಲ. ಅದೇ ಮನುಷ್ಯ, ಅದೇ ಲ್ಯಾಬು, ಬೇರೆ ದಿನ ಎಂದರೂ ಶೇ. 20ರಷ್ಟು ಆಚೀಚೆ ಆಗುವುದುಂಟು. 160 ಇದ್ದದ್ದು 185 ಆಯಿತೆಂದು ಗಾಬರಿ ಬೇಡ, 185 ಇದ್ದದ್ದು 160 ಆಯಿತೆಂದು ಹೋಳಿಗೆ ಮಾಡುವುದೂ ಬೇಡ. ಹಿಂದಿನ ರಾತ್ರಿಯ ಗುಂಡು ಅದನ್ನು ಜೋರಾಗಿ ಏರಿಸುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಮದುವೆ ಊಟ, ಹಬ್ಬದ ಮಾರನೇ ದಿನ ಬೇಡ.

ಜ್ವರದಲ್ಲೂ ಬೇಡ. ಸೋಂಕಿನಲ್ಲಿ ಎಲ್‌ಡಿಎಲ್, ಎಚ್‌ಡಿಎಲ್ ಇಳಿದು ಟ್ರೈಗ್ಲಿಸರೈಡ್ ಏರುತ್ತದೆ, ಅಂದರೆ ಬೊಜ್ಜಿನಂಥದೇ ಚಿತ್ರ ಸುಳ್ಳಾಗಿ ಮೂಡುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಇಲಿ ಜ್ವರ, ಡೆಂಗಿ, ಬೇಸಿಗೆಗೆ ಮಂಗನ ಕಾಯಿಲೆ ಎಂದು ಯಾವುದೋ ಒಂದು ಇರುತ್ತದೆ. ಇಂಥ ಜ್ವರ ಬಿಟ್ಟು ಕೆಲವು ವಾರ ಕಳೆದು, ಊಟ ಮೊದಲಿನಂತಾದ ಮೇಲೆ ರಕ್ತ ಕೊಡಿ. ಗರ್ಭಿಣಿಯರಲ್ಲಿ ಎಲ್ಲವೂ ಸಹಜವಾಗಿಯೇ ಏರಿರುತ್ತದೆ, ಆಗ ನೋಡಿಸಿ ಉಪಯೋಗವಿಲ್ಲ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ.

ರಕ್ತ ತೆಗೆಯುವ ಮುಂಚೆ ಐದು ಹತ್ತು ನಿಮಿಷ ಕುಳಿತಿರಬೇಕು. ಮಲಗಿಸಿ ತೆಗೆದರೆ ಸಂಖ್ಯೆ ಸ್ವಲ್ಪ ಕಡಿಮೆ, ತೋಳಿಗೆ ಪಟ್ಟಿ ಬಹಳ ಹೊತ್ತು ಬಿಗಿದಿಟ್ಟರೆ ಸ್ವಲ್ಪ ಜಾಸ್ತಿ ಬರುತ್ತದೆ. ಸ್ಯಾಂಪಲ್ ದೂರ ಹೋಗುವುದಿದ್ದರೆ ಇಲ್ಲೇ ತಿರುಗಿಸಿ ಸೀರಂ ಬೇರ್ಪಡಿಸಿ ಕಳಿಸುತ್ತೀರಾ ಎಂದು ವಿಚಾರಿಸಿ.

ತಿರುಗಿಸಿದ ಟ್ಯೂಬನ್ನು ಒಮ್ಮೆ ನೋಡಿದರೆ ತಿಳಿಯುವ ಸಂಗತಿಯೂ ಇದೆ. ಕೆಳಗೆ ಕೆಂಪು, ಮೇಲೆ ನಿಲ್ಲುವ ಸೀರಂ ತಿಳಿ ಹಳದಿಯಾಗಿ, ಆಚೆಯ ಅಕ್ಷರ ಕಾಣುವಷ್ಟು ಸ್ಪಷ್ಟವಾಗಿರಬೇಕು. ಟ್ರೈಗ್ಲಿಸರೈಡ್ ವಿಪರೀತ ಏರಿದಾಗ ಅದು ಮಬ್ಬಾಗಿ, ಇನ್ನೂ ಏರಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಕೆನೆ ಕಟ್ಟುವುದೂ ಉಂಟು. 500 ದಾಟಿದವರಿಗೆ ಹೃದಯದ ಜೊತೆ ಪ್ಯಾಂಕ್ರಿಯಾಸ್ ಊದಿಕೊಳ್ಳುವ ಭಯವೂ ಸೇರುತ್ತದೆ, ಸಾವಿರ ದಾಟಿದರೆ ಅದು ಇನ್ನೂ ಹೆಚ್ಚು. ಅಂಥವರಿಗೆ ಮೇಲಿನ ಆಯ್ಕೆಗಳ ಪ್ರಶ್ನೆಯೇ ಇಲ್ಲ. ಕುಡಿತ ಕೂಡಲೇ ನಿಲ್ಲಬೇಕು, ಅದೇ ವಾರ ವೈದ್ಯರನ್ನು ಕಾಣಬೇಕು. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯುತ್ತಾ ವಾಂತಿ ಶುರುವಾದರೆ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಆಗಲೇ ಹೊರಡಬೇಕು.

ಜೇಬು ನೋಡಿ

ಏನೂ ಖರ್ಚು ಮಾಡಲಾಗದು ಎಂದರೆ ಟೇಪು, ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್. 30 ದಾಟಿದವರಿಗೆ ಇವೆರಡನ್ನೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ನೋಡುತ್ತಾರೆ. ಐದರಲ್ಲಿ ಮೂರು ಅಂಶ ಇಷ್ಟರಲ್ಲೇ ಗೊತ್ತಾಯಿತು.

ಕೆಲವು ನೂರು ರೂಪಾಯಿ ಇದ್ದರೆ ಲಿಪಿಡ್ ಪ್ರೊಫೈಲ್, ನಾನ್-ಎಚ್‌ಡಿಎಲ್ ಲೆಕ್ಕದ ಸಮೇತ. ಅದರ ಮೇಲೆ ಇನ್ನೊಂದು ಪರೀಕ್ಷೆಗೆ ಮಾತ್ರ ದುಡ್ಡಿದೆ, ಅಪೊ-ಬಿಯೋ ಎಚ್‌ಬಿಎ1ಸಿಯೋ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಎಂದರೆ, ಶುಗರ್ ಈವರೆಗೆ ನೋಡಿಸದವರಿಗೆ ನಮ್ಮ ಮತ ಎಚ್‌ಬಿಎ1ಸಿಗೆ. ಬೊಜ್ಜಿನ ಅಪಾಯ ಅಲ್ಲೇ ಮೊದಲು ಬಯಲಾಗುವ ಸಾಧ್ಯತೆ ಹೆಚ್ಚು. ರಕ್ತಹೀನತೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ಅವರಿಗೆ ಖಾಲಿ ಹೊಟ್ಟೆಯ ಶುಗರ್ ವಾಸಿ. ಶುಗರ್ ವಿಷಯ ಈಗಾಗಲೇ ಗೊತ್ತಿದ್ದು, ಟ್ರೈಗ್ಲಿಸರೈಡ್ 200 ದಾಟಿದ್ದರೆ ಅಪೊ-ಬಿ. ಅರವತ್ತು ಎಪ್ಪತ್ತು ಪರೀಕ್ಷೆಗಳ ಫುಲ್ ಬಾಡಿ ಪ್ಯಾಕೇಜ್ ಅಗ್ಗವೆಂದು ಕಂಡರೂ ಅದರಲ್ಲಿ ನಿಮಗೆ ಬೇಕಾದವು ಇವೆಯೇ ಎಂದು ಮೊದಲು ನೋಡಿ. ಎಷ್ಟೋ ಸಲ ಅಪೊ-ಬಿ ಇರುವುದಿಲ್ಲ, ಬೇಡದ ವಿಟಮಿನ್ನುಗಳು ಇರುತ್ತವೆ.

ಮತ್ತೆ ಯಾವಾಗ

ಊಟದಲ್ಲಿ ಏನು ಬದಲಾಯಿಸಿದಿರಿ ಎಂಬುದರ ಮೇಲೆ ಯಾವ ಸಾಲು ನೋಡಬೇಕೆಂಬುದು ನಿಂತಿದೆ. "ಎಣ್ಣೆ, ತುಪ್ಪ ಎಲ್ಲಾ ಬಿಟ್ಟೆ, ಆದ್ರೂ ಟ್ರೈಗ್ಲಿಸರೈಡ್ ಇಳೀಲಿಲ್ಲ" ಎನ್ನುವವರ ತಟ್ಟೆಯಲ್ಲಿ ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಬೆಲ್ಲದ ಕಾಫಿ, ರಾತ್ರಿ ಮತ್ತೆ ಅನ್ನ ಇರುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಾಗಿ ಅಕ್ಕಿ, ಸಕ್ಕರೆ, ಬೆಲ್ಲ, ಹೆಂಡದ ಮಾತು ಕೇಳುತ್ತದೆ. ಎಲ್‌ಡಿಎಲ್ ಕೊಬ್ಬರಿ ಎಣ್ಣೆ, ತುಪ್ಪ, ಬೆಣ್ಣೆಯ ಮಾತು ಕೇಳುತ್ತದೆ. ಅನ್ನ ಇಳಿಸಿ ಕಾಳು, ಸೊಪ್ಪು, ಮೀನು ಹೆಚ್ಚಿಸಿದವರು ಟ್ರೈಗ್ಲಿಸರೈಡ್ ಸಾಲು ನೋಡಲಿ. ಕೊಬ್ಬರಿ ಎಣ್ಣೆಯಿಂದ ಕಡಲೆಕಾಯಿ ಎಣ್ಣೆಗೋ ಸೂರ್ಯಕಾಂತಿಗೋ ಹೋದವರು ಎಲ್‌ಡಿಎಲ್ ಸಾಲು.

ತೂಕದಲ್ಲಿ ಶೇ. 5ರಿಂದ 10 ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯುತ್ತದೆ. 80 ಕೆ.ಜಿ. ಇದ್ದವರಿಗೆ ಅದು 4ರಿಂದ 8 ಕೆ.ಜಿ. ಆದರೆ ತೂಕ ಇಳಿಯುತ್ತಿರುವ ಹೊತ್ತಿನಲ್ಲೇ ರಕ್ತ ಕೊಟ್ಟರೆ ಎಚ್‌ಡಿಎಲ್ ಮೊದಲಿಗಿಂತ ಕಡಿಮೆ ಬರಬಹುದು. ಇಷ್ಟು ಒದ್ದಾಡಿ ಇದು ಇಳಿಯಿತಲ್ಲ ಎಂದು ಕೈಚೆಲ್ಲುವವರಿದ್ದಾರೆ. ತೂಕ ಒಂದು ಕಡೆ ನಿಂತ ಮೇಲೆ ಎಚ್‌ಡಿಎಲ್ ನಿಧಾನವಾಗಿ ಮೇಲೆ ಬರುತ್ತದೆ. ಹಾಗಾಗಿ ಮೂರು ತಿಂಗಳ ಪ್ರಯತ್ನದ ನಂತರ, ತೂಕ ಕೆಲವು ವಾರ ಸ್ಥಿರವಾಗಿದ್ದಾಗ ನೋಡಿಸುವುದು ಸರಿ. ಸ್ಟ್ಯಾಟಿನ್ ಶುರು ಮಾಡಿದವರಿಗೆ 4ರಿಂದ 12 ವಾರದೊಳಗೆ ಒಮ್ಮೆ. ಯಾವುದೇ ಆದರೂ ಮೊದಲ ಸಲದ ಲ್ಯಾಬಿನಲ್ಲೇ, ಮೊದಲ ಸಲದಂತೆಯೇ ಕೊಡಿ: ಆಗ ಖಾಲಿ ಹೊಟ್ಟೆಯಾದರೆ ಈಗಲೂ ಖಾಲಿ ಹೊಟ್ಟೆ, ಆಗ ತಿಂದಿದ್ದರೆ ಈಗಲೂ ತಿಂದು. ಎರಡೂ ವರದಿಯ ಮೇಲೆ ಆ ದಿನದ ಸೊಂಟದ ಅಳತೆ ಬರೆದುಕೊಂಡು ಡಾಕ್ಟರ ಬಳಿ ಹೋಗಿ.